ಏಳು ವರ್ಷ ಹಾಳುಬಿದ್ದ ಹಿತ್ತಲು: ಹುಲ್ಲುಹಾಸಿಗೆ ಮೊದಲು ಕಳೆ ತೆಗೆಯುವುದು ಹೇಗೆ?

ಪ್ರಶ್ನೆ: ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಅತ್ತೆ-ಮಾವ ಕಟ್ಟಿಸಿದ ಮನೆಗೆ ಏಳು ವರ್ಷದಿಂದ ಬೀಗ ಹಾಕಿತ್ತು. ಈಗ ನಾವು ಅಲ್ಲಿಗೇ ಬಂದು ನೆಲೆಸುತ್ತಿದ್ದೇವೆ. ಮನೆ ಬಿಟ್ಟು ಸುತ್ತಲೂ ಮೂರು ಗುಂಟೆ ಜಾಗವಿದೆ, ಎಲ್ಲ ಕಡೆ ಎದೆಯೆತ್ತರದ ಕಳೆ. ಒಂದು ಸಂಪಿಗೆ ಮರ, ಎರಡು ತೆಂಗು, ಸೀಬೆ, ಕರಿಬೇವು ಉಳಿದಿವೆ. ಲ್ಯಾಂಡ್‌ಸ್ಕೇಪ್ ಮಾಡುವವರು ಬಂದು ನೋಡಿ, "ಮೊದಲು ಔಷಧಿ ಹೊಡೆದು, ಮಾರನೇ ದಿನ ಜೆಸಿಬಿಯಲ್ಲಿ ಒಂದಡಿ ಮಣ್ಣು ಕೆರೆದು, ಎರಡು ಲೋಡ್ ಕೆಮ್ಮಣ್ಣು ಹಾಕಿ, ಮೆಕ್ಸಿಕನ್ ಹುಲ್ಲು ಹಾಸಿಕೊಡುತ್ತೇವೆ. ಯುಗಾದಿಗೆ ಮುಗಿಯುತ್ತೆ" ಅಂದರು. ಒಪ್ಪಬಹುದೇ? ಕೆಲವು ಚಿತ್ರಗಳನ್ನು ಕಳಿಸಿದ್ದೇನೆ. ಹುಲ್ಲಿನ ಕೆಳಗೆ ಕಳೆ ತಡೆಯುವ ಮ್ಯಾಟ್ ಹಾಸಿದರೆ ಸಾಕಾಗುತ್ತದೆಯೇ?

ಉತ್ತರ: ಒಪ್ಪಬೇಡಿ. ಇದು ಯುಗಾದಿಗೆ ಮುಗಿಯುವ ಕೆಲಸವಲ್ಲ. ಈಗ ಶುರುಮಾಡಿದರೆ ದಸರಾ ಹೊತ್ತಿಗೆ ಮುಗಿಯುತ್ತದೆ, ಮುಗಿದದ್ದು ಉಳಿಯುತ್ತದೆ. ಈ ಬೇಸಿಗೆಯ ಬಿಸಿಲು, ಅದಾದಮೇಲೆ ಬರುವ ಮೊದಲ ಎರಡು ಮಳೆ ನಿಮ್ಮ ಪರವಾಗಿ ದುಡಿಯಬೇಕು. ಯುಗಾದಿಗೇ ಮುಗಿಸುವ ಯೋಜನೆಯಲ್ಲಿ ಇವೆರಡಕ್ಕೂ ಜಾಗವೇ ಇಲ್ಲ.

ಅವರು ಹೇಳಿದ್ದನ್ನೇ ಒಂದೊಂದಾಗಿ ನೋಡೋಣ. ಮೂರು ಗುಂಟೆ ಎಂದರೆ 3,267 ಚದರಡಿ. ಅದರಲ್ಲಿ ಒಂದಡಿ ಕೆರೆದರೆ ಮೂರು ಸಾವಿರಕ್ಕೂ ಹೆಚ್ಚು ಘನ ಅಡಿ ಮಣ್ಣು ಹೊರಗೆ ಹೋಗುತ್ತದೆ. ಎರಡು ಲೋಡ್ ಕೆಮ್ಮಣ್ಣು ಅದರ ಹತ್ತಿರಕ್ಕೂ ಬರುವುದಿಲ್ಲ. ನಿಮ್ಮ ಅಂಗಳ ರಸ್ತೆಗಿಂತ ತಗ್ಗಾಗಿ ಮೊದಲ ಮಳೆಗೇ ನೀರು ನಿಲ್ಲುತ್ತದೆ. ಕೆರೆದು ಹೋಗುವುದು ಎಂಥ ಮಣ್ಣು ಎಂಬುದನ್ನೂ ಯೋಚಿಸಿ. ಮೇಲಿನ ಅರ್ಧ ಅಡಿಯಲ್ಲೇ ಎರೆಹುಳು, ಕೊಳೆತ ಎಲೆ, ಜೀವ ಎಲ್ಲ ಇರುವುದು. ಏಳು ವರ್ಷ ಯಾರೂ ತುಳಿಯದೆ, ಎಲೆ ಉದುರಿ ಕೊಳೆತು ಆದ ಮಣ್ಣು ಅದು. ಅದರ ಕೆಳಗೆ ಸಿಗುವುದು ಗರಸು. ಇನ್ನು ಸಂಪಿಗೆ, ಸೀಬೆಗಳ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿಯೊಳಗೇ ಹರಡಿರುತ್ತವೆ. ಜೆಸಿಬಿಯ ಬಕೆಟ್ಟು ಅಲ್ಲಿ ಆಡಿದರೆ ಮರ ಆ ವರ್ಷವೇ ಸಾಯದಿದ್ದರೂ ಎರಡು ಮೂರು ವರ್ಷದಲ್ಲಿ ತುದಿಯಿಂದ ಒಣಗುತ್ತಾ ಬರುವುದುಂಟು.

ಔಷಧಿಯ ಮಾತೂ ಹೊಂದುವುದಿಲ್ಲ. ಬೇರಿನವರೆಗೆ ಇಳಿದು ಕೊಲ್ಲುವ ಕಳೆನಾಶಕ ಕೆಲಸ ಮಾಡಬೇಕಾದರೆ ಎಲೆ ಹಸಿರಾಗಿ ಚುರುಕಾಗಿ ಬೆಳೆಯುತ್ತಿರಬೇಕು. ಸಿಂಪಡಿಸಿದ ಮೇಲೆ ಹತ್ತು ಹದಿನೈದು ದಿನ ಕೈಹಚ್ಚದೆ ಬಿಡಬೇಕು. ಫೆಬ್ರುವರಿಯ ಧೂಳು ಹಿಡಿದ, ಅರೆ ಒಣಗಿದ ಎಲೆಗಳ ಮೇಲೆ ಹೊಡೆದು ಮಾರನೇ ದಿನ ಜೆಸಿಬಿ ಬಿಟ್ಟರೆ ವಿಷಕ್ಕೂ ದುಡ್ಡು ದಂಡ, ಯಂತ್ರಕ್ಕೂ ದಂಡ.

ಹಾಗಾದರೆ ಎಲ್ಲಿಂದ ಶುರು? ಕುಡುಗೋಲು ಹಿಡಿಯುವ ಮೊದಲು ಒಂದು ದಿನ ನೆಲದಲ್ಲಿ ಏನೇನು ಅಡಗಿದೆ ಎಂದು ತಿಳಿಯಲು ಇಟ್ಟುಕೊಳ್ಳಿ. ಹಳೆಯ ಮನೆಗಳಲ್ಲಿ ನೆಲದೊಳಗಿನ ಸಂಪು, ಪಾಯಖಾನೆ ಗುಂಡಿ, ಒಳಚರಂಡಿಯ ಚೇಂಬರ್ ಇವುಗಳ ಚಪ್ಪಡಿ ಕಳೆಯ ಅಡಿ ಮುಚ್ಚಿಹೋಗಿರುತ್ತದೆ. ಚಪ್ಪಡಿ ಶಿಥಿಲವಾಗಿದ್ದರೆ ಕಾಲಿಟ್ಟವರು ಒಳಗೇ. ಮನೆಯ ಹಳೆಯ ನಕ್ಷೆ ಇದ್ದರೆ ಹುಡುಕಿ, ಅಕ್ಕಪಕ್ಕದ ಹಿರಿಯರನ್ನು ಕೇಳಿ, ಗೊತ್ತಾದ ಜಾಗಕ್ಕೆಲ್ಲ ಉದ್ದನೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಅದೇ ಹಿರಿಯರನ್ನು ಇನ್ನೊಂದು ಮಾತೂ ಕೇಳಿ: ನಿಮ್ಮ ಅತ್ತೆಯವರು ಎಲ್ಲೆಲ್ಲಿ ಏನು ಬೆಳೆಸಿದ್ದರು? ಸುಗಂಧರಾಜ, ಮಳೆಲಿಲ್ಲಿ, ಮೇ ತಿಂಗಳಲ್ಲಿ ಚೆಂಡಿನಂತೆ ಕೆಂಪಗೆ ಅರಳುವ ಮೇ ಹೂವು, ಅರಿಸಿನ, ಸುವರ್ಣಗಡ್ಡೆ. ಇವೆಲ್ಲ ಈಗ ನೆಲದೊಳಗೆ ಮಲಗಿರುತ್ತವೆ, ಮೇಲೆ ಒಂದು ಗುರುತೂ ಇರುವುದಿಲ್ಲ. ಮೊದಲ ಮಳೆ ಬಿದ್ದ ವಾರಕ್ಕೆ ಎದ್ದು ಬರುತ್ತವೆ. ಒಂದು ತಲೆಮಾರು ಸಾಕಿದ ಗಿಡಗಳನ್ನು ಕಸವೆಂದು ಲೋಡ್ ಮಾಡಿ ಕಳಿಸಿಬಿಟ್ಟರೆ ಆಮೇಲೆ ಯಾವ ನರ್ಸರಿಯಲ್ಲೂ ಅವು ವಾಪಸ್ಸು ಸಿಗುವುದಿಲ್ಲ.

ಹಾವಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲಿ, ಕಪ್ಪೆ, ಕಲ್ಲುರಾಶಿ ಇರುವ ಪಾಳು ಹಿತ್ತಲಲ್ಲಿ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಮೂರೂ ಇರಬಹುದು. ಕಳೆ ಕಡಿಯುವುದನ್ನು ಮನೆಯ ಗೋಡೆ ಕಡೆಯಿಂದ ಶುರುಮಾಡಿ ಹೊರಗಿನ ಬಯಲಿನ ಕಡೆಗೆ ಸಾಗಬೇಕು. ಹೊರಗಿನಿಂದ ಸುತ್ತುವರಿದು ಬಂದರೆ ಹಾವಿಗೆ ಹೋಗಲು ಉಳಿಯುವ ದಾರಿ ನಿಮ್ಮ ಅಡುಗೆಮನೆಯ ಬಾಗಿಲು ಮಾತ್ರ. ಮೊಣಕಾಲಿನವರೆಗಿನ ಗಂಬೂಟು, ದಪ್ಪ ಕೈಗವಸು ಕಡ್ಡಾಯ, ಕೂಲಿಗೆ ಬಂದವರಿಗೂ ನೀವೇ ಕೊಡಿಸಿ. ಉದ್ದ ಕೋಲಿನಿಂದ ಪೊದೆ ಬಡಿದು ಸ್ವಲ್ಪ ಹೊತ್ತು ಬಿಟ್ಟು ಕತ್ತಿ ಹಾಕಿ. ಹೆಂಚು, ಇಟ್ಟಿಗೆ, ಒಣಸೋಗೆ ರಾಶಿಗೆ ಬರಿಗೈ ಹಾಕಬೇಡಿ, ಅಲ್ಲಿ ಚೇಳೂ ಇರುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಅಲುಗಾಡಿಸದೆ ನೇರ ಕೆ.ಆರ್. ಆಸ್ಪತ್ರೆಯಂಥ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಬೇಕು. ನಸುಗುನ್ನಿ ಬಳ್ಳಿಯ ಕಾಯಿ ಕಂಡರೆ ಒದ್ದೆ ಗೋಣಿಚೀಲ ಹೊದಿಸಿ ಕತ್ತರಿಸಿ ತೆಗೆಸಿ. ಒಣ ರೋಮ ಗಾಳಿಗೆ ಹಾರಿದರೆ ತುರಿಕೆಗೆ ಮನೆಯವರೆಲ್ಲ ಒದ್ದಾಡಬೇಕಾಗುತ್ತದೆ.

ಈಗ ಕಡಿತ. ಬೇಸಿಗೆಯ ಗಟ್ಟಿ ನೆಲದಲ್ಲಿ ಕಳೆ ಕೀಳಲು ಹೋದರೆ ಕಾಂಡ ಕೈಗೆ ಬಂದು ಬೇರು ಒಳಗೇ ಉಳಿಯುತ್ತದೆ. ಆದ್ದರಿಂದ ಈಗ ಕೀಳುವುದು ಬೇಡ, ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬ್ರಷ್ ಕಟರ್ ಬಾಡಿಗೆಗೆ ಸಿಗುತ್ತದೆ, ಆದರೆ ಹಳೆಯ ಮನೆಯ ಸುತ್ತ ಗಾಜಿನ ಚೂರು, ತಂತಿ, ಜಲ್ಲಿ ಇದ್ದೇ ಇರುತ್ತವೆ, ಬ್ಲೇಡಿಗೆ ತಾಗಿ ಸಿಡಿದರೆ ಕಣ್ಣು ಹೋಗಬಹುದು. ಮೊದಲ ಸುತ್ತು ಕುಡುಗೋಲು, ಮಚ್ಚಿನಲ್ಲಿ ಮಾಡಿಸಿ, ಕಸ ಆರಿಸಿದ ಮೇಲೆ ಯಂತ್ರ ಬರಲಿ. ಕಡಿದದ್ದನ್ನು ಎರಡು ರಾಶಿ ಮಾಡಿ: ಹೂ-ಬೀಜ ಬಂದದ್ದು ಬೇರೆ, ಬರದೇ ಇರುವುದು ಬೇರೆ. ಬೀಜವಿಲ್ಲದ ಸೊಪ್ಪು ನಿಮಗೆ ಬಂಗಾರ, ಮುಂದೆ ಹೊದಿಕೆಗೆ, ಗೊಬ್ಬರಕ್ಕೆ ಬೇಕು. ಬೀಜವಿರುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಒಂದೆರಡು ತಿಂಗಳು ಬಿಡಿ, ಇಲ್ಲವೇ ಮೂರಡಿ ಗುಂಡಿಯಲ್ಲಿ ಹೂಳಿ. ಬೆಂಕಿ ಮಾತ್ರ ಬೇಡ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿದೆ, ಸಂಪಿಗೆಯ ಬುಡಕ್ಕೆ ತಾಗುವ ಝಳ ಅದಕ್ಕಿಂತ ದೊಡ್ಡ ನಷ್ಟ.

ಇಲ್ಲಿಂದ ಮುಂದೆ ಕೆಲಸದ ಸ್ವರೂಪ ಬದಲಾಗುತ್ತದೆ. ನಿಮ್ಮ ಚಿತ್ರಗಳಲ್ಲಿ ಕಾಣುವ ಕಳೆಗಳನ್ನೆಲ್ಲ "ಕಳೆ" ಎಂದು ಒಂದೇ ಹೆಸರಲ್ಲಿ ಕರೆದರೆ ದಾರಿ ತಪ್ಪುತ್ತದೆ. ಒಂದೊಂದು ಒಂದೊಂದು ರೀತಿ ಬದುಕಿ ಉಳಿಯುತ್ತದೆ. ಕಾಂಗ್ರೆಸ್ ಗಿಡ, ಉತ್ತರಾಣಿ, ಮುಳ್ಳುಹರಿವೆ ಉಳಿಯುವುದು ಬೀಜದಿಂದ. ಗರಿಕೆ ಹರಿದಾಡುವ ಬೇರುಕಾಂಡದಿಂದ. ಜೇಕು ಗಡ್ಡೆಯಿಂದ. ಲಂಟಾನ, ಸುಬಾಬುಲ್ ಬುಡದ ಕೊರಡಿನಿಂದ. ಬೀಜದ ಕಳೆಗೆ ಕೊಡುವ ಚಿಕಿತ್ಸೆ ಜೇಕಿಗೆ ಕೊಟ್ಟರೆ ಅದು ಔತಣವಾಗುತ್ತದೆ. ಆದ್ದರಿಂದ ಕಡಿದಾದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಯಾವ ಭಾಗದಲ್ಲಿ ಯಾವುದು ಹೆಚ್ಚು ಎಂದು ಗುರುತು ಮಾಡಿಕೊಳ್ಳಿ.

ಬೀಜದ ಕಳೆಯಲ್ಲಿ ಮುಖ್ಯ ವೈರಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಮೊಳೆತು ತಿಂಗಳು ಒಂದೂವರೆ ತಿಂಗಳಲ್ಲೇ ಹೂ ಬಿಡುತ್ತದೆ. ಏಳು ವರ್ಷದ ಬೀಜ ನಿಮ್ಮ ನೆಲದಲ್ಲಿ ಕೂತಿದೆ ಎಂದುಕೊಳ್ಳಿ. ಮುಟ್ಟಿದರೆ ಚರ್ಮ ಉರಿಯುವ, ಉಬ್ಬಸ ಬರುವ ಜನ ಇದ್ದಾರೆ, ಮನೆಯಲ್ಲಿ ಆಸ್ತಮಾ ಇರುವವರನ್ನು ಈ ಕೆಲಸದಿಂದ ದೂರ ಇಡಿ. ಇದಕ್ಕೆ ಮಾರ್ಚ್ ಕೊನೆಯಿಂದ ಮೇವರೆಗಿನ ಬಿಸಿಲೇ ಮದ್ದು. ಜಾಗವನ್ನು ಮಟ್ಟಮಾಡಿ, ಕಲ್ಲು ಕೂಳೆ ಆರಿಸಿ, ಅರ್ಧ ಅಡಿ ಆಳ ನೆನೆಯುವಂತೆ ನೀರು ಹಾಯಿಸಿ. ಮಾರನೇ ದಿನ 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟುವಂತೆ ಎಳೆದು ಹಾಸಿ, ಅಂಚನ್ನೆಲ್ಲ ಮಣ್ಣಿನಲ್ಲಿ ಹೂತು, ನಾಲ್ಕರಿಂದ ಆರು ವಾರ ಬಿಡಿ. ಮೇಲಿನ ಎರಡು ಅಂಗುಲದ ಮಣ್ಣು ಮಧ್ಯಾಹ್ನದ ಹೊತ್ತು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಒದ್ದೆ ಮಣ್ಣಿನಲ್ಲಿ ಬೀಜ ಉಬ್ಬಿ ಮೆತ್ತಗಾಗಿರುವುದರಿಂದ ಆ ಕಾವಿಗೆ ಬೆಂದುಹೋಗುತ್ತದೆ. ಮಣ್ಣು ಒಣಗಿದ್ದರೆ ಇದೇ ಬಿಸಿಲನ್ನು ಅದೇ ಬೀಜ ತಡೆದುಕೊಂಡುಬಿಡುತ್ತದೆ. ಅಂಗಡಿಯವರು ಕಪ್ಪು ಹಾಳೆಯೇ ಒಳ್ಳೆಯದು ಎನ್ನಬಹುದು, ಒಪ್ಪಬೇಡಿ. ಕಪ್ಪು ಹಾಳೆ ಬೆಳಕು ತಡೆಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಈ ವಿಧಾನವನ್ನು ಇಸ್ರೇಲಿನ ಯಾಕೊವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು, ನಮ್ಮ ಒಳನಾಡಿನ ಏಪ್ರಿಲ್-ಮೇ ಬಿಸಿಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮರದ ನೆರಳಿನಲ್ಲಿ ಮಾತ್ರ ಪ್ರಯೋಜನವಿಲ್ಲ, ಮರದ ಬುಡದ ಸುತ್ತ ಮಾಡಲೂ ಬಾರದು. ಮುಟ್ಟಿದರೆ ಮುನಿಯಂಥ ಗಟ್ಟಿ ಸಿಪ್ಪೆಯ ಬೀಜಗಳೂ ಕೆಲವು ಉಳಿದುಕೊಳ್ಳುತ್ತವೆ, ಅವುಗಳ ಲೆಕ್ಕ ಮಳೆಯಲ್ಲಿ ತೀರಿಸೋಣ.

ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ತಿನ್ನುತ್ತಾ, ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಒಂದು ಪುಟ್ಟ ದುಂಬಿ ಕಂಡರೆ ಅದನ್ನು ಉಳಿಸಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು. ಒಂದು ಹಿತ್ತಲನ್ನು ಅದೊಂದೇ ಶುಚಿ ಮಾಡಲಾರದು, ಆದರೆ ಕಾಂಪೌಂಡಿನಾಚೆಯ ಖಾಲಿ ಸೈಟಿನ ಗಿಡಗಳನ್ನು ಸೊರಗಿಸಿದರೂ ನಿಮಗೆ ಉಪಕಾರವೇ.

ಇನ್ನು ಜೇಕು. ನಿಮ್ಮ ಮೂರನೇ ಚಿತ್ರದಲ್ಲಿ, ನೀರಿನ ಕೊಳಾಯಿ ಹತ್ತಿರ ಈರುಳ್ಳಿ ಪೈರಿನಂತೆ ಹೊಳೆಯುವ ಹಸಿರು ಕಾಣುತ್ತಿದೆಯಲ್ಲ, ಅದೇ. ಕೊನ್ನಾರಿ ಗಡ್ಡೆ, ಭದ್ರಮುಷ್ಟಿ ಎಂದೂ ಕರೆಯುತ್ತಾರೆ. ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಹೂವಿನ ದಂಟನ್ನು ಬೆರಳ ನಡುವೆ ಉರುಳಿಸಿ ನೋಡಿ, ಮೂರು ಅಂಚು ತಟ್ಟುತ್ತವೆ. ಜಗತ್ತಿನ ಅತಿ ಕೆಟ್ಟ ಕಳೆ ಎಂದು ಕಳೆವಿಜ್ಞಾನಿಗಳು ಹೆಸರಿಟ್ಟದ್ದು ಇದಕ್ಕೆ. ನಿಮ್ಮ ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಈ ಒಂದು ಗಿಡದ ಮೇಲೆ ನಿಂತಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೇಲೆ ಕಾಣುವ ಗಿಡದ ಕೆಳಗೆ ಒಂದು ಗಡ್ಡೆ, ಅದರಿಂದ ತಂತಿಯಂಥ ಬೇರುಕಾಂಡ, ಅದರ ತುದಿಗೆ ಇನ್ನೊಂದು ಗಡ್ಡೆ, ಹೀಗೆ ಪೋಣಿಸಿದ ಮಣಿಸರದಂತೆ ಸಾಲು ಸಾಗುತ್ತದೆ. ಸರ ಅಖಂಡವಾಗಿರುವವರೆಗೆ ಕೆಲವು ಗಡ್ಡೆ ಮಾತ್ರ ಚಿಗುರುತ್ತವೆ, ಉಳಿದವು ಸುಮ್ಮನಿರುತ್ತವೆ. ಸರ ತುಂಡಾಯಿತೋ, ಪ್ರತಿ ಗಡ್ಡೆಯೂ ಸ್ವತಂತ್ರ. ಮಣ್ಣು ಕೊಚ್ಚಿ ಪುಡಿಮಾಡುವ ರೋಟವೇಟರ್ ಯಂತ್ರ ಹೊಡೆಸಿದ ಜಾಗದಲ್ಲಿ ಹದಿನೈದು ದಿನಕ್ಕೆ ಜೇಕು ಮೊದಲಿಗಿಂತ ದಟ್ಟವಾಗಿ ಏಳುವುದು ಇದರಿಂದಲೇ. ಕೈಯಿಂದ ಕಿತ್ತರೆ ಎಲೆ ಮಾತ್ರ ಬರುತ್ತದೆ, ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದರ ಸೂಜಿಮೊನೆಯ ಕುಡಿ ಹಾಳೆಯನ್ನೇ ಚುಚ್ಚಿಕೊಂಡು ಮೇಲೆ ಬರುತ್ತದೆ. ಅಂದರೆ ಕಾಂಗ್ರೆಸ್ ಗಿಡಕ್ಕೆ ಮಾಡಿದಂತೆ ನೀರು ಹಾಯಿಸಿ ಮುಚ್ಚುವುದು ಇಲ್ಲಿ ನಡೆಯುವುದಿಲ್ಲ.

ಅದಕ್ಕೆ ಇಲ್ಲಿ ಮಾಡಬೇಕಾದ್ದು ತದ್ವಿರುದ್ಧ: ತೆರೆದು ಒಣಗಿಸುವುದು. ಜೇಕಿನ ಗಡ್ಡೆಗೆ ಒಣಗು ಆಗದು, ನೆರಳು ಆಗದು. ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಅಡಿಯಲ್ಲಿರುತ್ತವೆ, ಕೆಲವು ಒಂದಡಿಯವರೆಗೂ ಇಳಿದಿರುತ್ತವೆ. ಏಪ್ರಿಲ್ ಮೊದಲ ವಾರದಲ್ಲಿ, ನೆಲ ತೀರಾ ಗಟ್ಟಿಯಿದ್ದರೆ ಹಿಂದಿನ ದಿನ ಸ್ವಲ್ಪ ನೀರು ಚಿಮುಕಿಸಿ, ಹಾರೆಯಿಂದ ಒಂದಡಿ ಆಳ ಮೀಟಿ ಹೆಂಟೆ ಎತ್ತಿ ಮಗುಚಿ ಹಾಕಿಸಿ. ಗುದ್ದಲಿಯಿಂದ ಕೊಚ್ಚಿ ಪುಡಿ ಮಾಡುವುದು ಬೇಡ, ಹೆಂಟೆ ಹೆಂಟೆಯಾಗಿಯೇ ಏಳಲಿ. ಕಣ್ಣಿಗೆ ಕಂಡ ಗಡ್ಡೆಗಳನ್ನು ಬಾಂಡ್ಲಿಗೆ ಆರಿಸಿಕೊಂಡು ಸಿಮೆಂಟು ನೆಲದ ಮೇಲೆ ಬಿಸಿಲಿಗೆ ಹರಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಹೆಂಟೆಗಳು ಎರಡು ವಾರ ಬಿಸಿಲು ಕಾಯಲಿ. ಮತ್ತೆ ಒಮ್ಮೆ ಮಗುಚಿ ಇನ್ನೆರಡು ವಾರ. ಈ ಅವಧಿಯಲ್ಲಿ ಅಲ್ಲಿಗೆ ಒಂದು ತೊಟ್ಟು ನೀರೂ ಬೀಳಬಾರದು. ನಿಮ್ಮ ಜೇಕು ಇರುವುದು ಕೊಳಾಯಿ ಪಕ್ಕ, ಸೋರುವ ಕೊಳಾಯಿಯೇ ಅದನ್ನು ಏಳು ವರ್ಷ ಸಾಕಿದೆ. ಎಲ್ಲಕ್ಕಿಂತ ಮೊದಲು ಪ್ಲಂಬರನ್ನು ಕರೆಸಿ ಅದನ್ನು ರಿಪೇರಿ ಮಾಡಿಸಿ.

ಇಷ್ಟಾದರೂ ಮಳೆ ಬಿದ್ದಾಗ ಆಳದ ಗಡ್ಡೆಗಳು ಚಿಗುರುತ್ತವೆ. ಹೆದರಬೇಡಿ. ಚಿಗುರು ಐದಾರು ಎಲೆಯಾಗುವುದರೊಳಗೆ ಕುಡ್ಲಿನ ಮೊನೆಯಿಂದ ನೆಲದ ಕೆಳಗೆ ಎರಡು ಬೆರಳು ಕತ್ತರಿಸಿ. ಹತ್ತು ಹನ್ನೆರಡು ದಿನಕ್ಕೊಮ್ಮೆ ತಪ್ಪದೆ. ಎಲೆ ದೊಡ್ಡದಾಗಿ ಬಿಸಿಲುಂಡರೆ ಹೊಸ ಗಡ್ಡೆ ಕಟ್ಟುತ್ತದೆ, ಅದಕ್ಕೆ ಅವಕಾಶ ಕೊಡದಿದ್ದರೆ ಹಳೆಯ ಗಡ್ಡೆಯ ಪಿಷ್ಟ ಚಿಗುರಿಗೇ ಖರ್ಚಾಗಿ ಕರಗುತ್ತಾ ಬರುತ್ತದೆ. ಒಂದು ಮಳೆಗಾಲ ಪೂರ್ತಿ ಈ ಶಿಸ್ತು ಬೇಕು. ಜೇಕು ಹೆಚ್ಚಿರುವ ಆ ಮೂಲೆಯಲ್ಲಿ ಹುಲ್ಲುಹಾಸು ಬೇಡವೇ ಬೇಡ ಎಂಬುದು ನನ್ನ ಸಲಹೆ. ಅಲ್ಲಿ ಹೆಲಿಕೋನಿಯಾ, ಬಾಳೆ, ಕೆಸು, ಅರಿಸಿನದಂಥ ಅಗಲ ಎಲೆಯ ಗಿಡಗಳನ್ನು ಒತ್ತಾಗಿ ನೆಡಿ. ದಟ್ಟ ನೆರಳು ಕವಿದ ಕಡೆ ಜೇಕು ಸೊರಗುತ್ತದೆ.

ಗರಿಕೆಯ ಮಾತು ಬೇರೆ. "ಗರಿಕೆಯಂತೆ ಹಬ್ಬಲಿ" ಎಂದು ಹರಸುವ ನಾಡು ನಮ್ಮದು, ಹಬ್ಬುವುದು ಅದರ ಗುಣ. ಹೂವಿನ ಪಾತಿ, ತರಕಾರಿ ಮಡಿ ಮಾಡುವ ಕಡೆ ಬೇರುಕಾಂಡವನ್ನು ಎಳೆ ಎಳೆಯಾಗಿ ಬಿಡಿಸಿ ತೆಗೆಯಲೇಬೇಕು, ಬಿಸಿಲಿಗೆ ಮಗುಚಿ ಒಣಗಿಸುವ ಉಪಾಯ ಇದಕ್ಕೂ ಸಲ್ಲುತ್ತದೆ. ಆದರೆ ಮುಂಬಾಗಿಲ ಎದುರು ಬಿಸಿಲು ಬೀಳುವ ಜಾಗದಲ್ಲಿ ಶುದ್ಧ ಗರಿಕೆಯೇ ಹಬ್ಬಿದ್ದರೆ ಅದನ್ನು ಯಾಕೆ ಕೀಳಬೇಕು? ಬರ್ಮುಡಾ ಗ್ರಾಸ್ ಎಂದು ಮೈದಾನಗಳಲ್ಲಿ ಹಾಸುವುದು ಇದೇ ಜಾತಿಯ ಹುಲ್ಲು. ನೆಲ ಮಟ್ಟಮಾಡಿ, ಬೇರೆ ಕಳೆ ಆರಿಸಿ, ವಾರಕ್ಕೊಮ್ಮೆ ಕತ್ತರಿಸುತ್ತಾ ಬಂದರೆ ಎರಡು ಮೂರು ತಿಂಗಳಲ್ಲಿ ಒಳ್ಳೆಯ ಹಾಸಾಗುತ್ತದೆ. ಮೈಸೂರಿನ ಬೇಸಿಗೆಯ ನೀರಿನ ಅಭಾವವನ್ನು ಮೆಕ್ಸಿಕನ್ ಹುಲ್ಲಿಗಿಂತ ಚೆನ್ನಾಗಿ ತಡೆಯುತ್ತದೆ, ಪೂಜೆಗೂ ಆಯಿತು.

ಕಾಂಪೌಂಡಿನ ಸಾಲಿನಲ್ಲಿರುವ ಲಂಟಾನವನ್ನು ಮೇಲೆ ಕಡಿದಷ್ಟೂ ಬುಡದಿಂದ ಪೊದೆಯಾಗಿ ಚಿಗುರುತ್ತದೆ. ಚಿಗುರೊಡೆಯುವ ಕಣ್ಣುಗಳಿರುವುದು ಕಾಂಡ-ಬೇರು ಸೇರುವ ಜಾಗದಲ್ಲಿ. ಬುಡದ ಸುತ್ತ ಮಣ್ಣು ಬಿಡಿಸಿ, ಆ ಸಂದಿಗಿಂತ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಇಡೀ ಬುಡವನ್ನು ತಲೆಕೆಳಗಾಗಿ ಇಟ್ಟು ಒಣಗಿಸಿ. ಕಾಡುಗಳಲ್ಲಿ ಲಂಟಾನ ತೆಗೆಯಲು ಬಳಸುವ ಉಪಾಯ ಇದು. ಕಡ್ಡಿಗಳನ್ನು ಎಸೆಯದೆ ಬಳ್ಳಿ ಹಬ್ಬಿಸಲು ಇಟ್ಟುಕೊಳ್ಳಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದೇ ಕಡ್ಡಿಯಿಂದ ಕುರ್ಚಿ ಮೇಜು ಮಾಡುತ್ತಾರೆ. ಸುಬಾಬುಲ್ ಸಸಿಗಳನ್ನು ಮಳೆ ಬಿದ್ದ ಮೇಲೆ ಬೇರುಸಹಿತ ಎಳೆಸಿ. ಮರವೇ ಆಗಿರುವುದನ್ನು ಕಡಿಯಬೇಕಾದರೆ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು, ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ.

ಕಳೆನಾಶಕದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ "ಒಂದು ಸಲ ಹೊಡೆದುಬಿಡೋಣ ಮೇಡಂ" ಎಂದು ನಿಮ್ಮನ್ನು ಮತ್ತೆ ಮತ್ತೆ ಕೇಳುತ್ತಾರೆ. ಅವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಗ್ಲೈಫೋಸೇಟ್ ಅಥವಾ ಪ್ಯಾರಾಕ್ವಾಟ್. ಗ್ಲೈಫೋಸೇಟ್ ಬಳಕೆಯನ್ನು ನಿರ್ಬಂಧಿಸಿ, ಕೀಟನಿಯಂತ್ರಣ ಪರವಾನಗಿ ಇರುವವರ ಮೂಲಕ ಮಾತ್ರ ಸಿಂಪಡಿಸಬೇಕೆಂದು ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪ್ಯಾರಾಕ್ವಾಟ್ ಇನ್ನೂ ಅಪಾಯಕಾರಿ. ಒಂದೆರಡು ಗುಟುಕು ಹೊಟ್ಟೆಗೆ ಹೋದರೆ ಜೀವಕ್ಕೇ ಕುತ್ತು, ಅದಕ್ಕೆ ಮದ್ದಿಲ್ಲ. ಅದು ಕಳೆಯ ಎಲೆಯನ್ನಷ್ಟೇ ಸುಡುತ್ತದೆ, ಜೇಕಿನ ಗಡ್ಡೆ, ಗರಿಕೆಯ ಬೇರು ಹಾಗೇ ಉಳಿಯುತ್ತವೆ. ಮೂರು ಗುಂಟೆಯಲ್ಲಿ, ನೀವು ದಿನಾ ಒಗ್ಗರಣೆಗೆ ಕೀಳುವ ಕರಿಬೇವಿನ ಪಕ್ಕದಲ್ಲಿ, ಇವುಗಳಲ್ಲಿ ಯಾವುದೂ ಬೇಡ. ಉಪ್ಪು ಸುರಿಯುವುದು, ಹಳೆಯ ಇಂಜಿನ್ ಆಯಿಲ್ ಸುರಿಯುವುದು ಇವೂ ಬೇಡ. ಕಾಂಗ್ರೆಸ್ ಗಿಡಕ್ಕೆ ಉಪ್ಪುನೀರು ಹೊಡೆಯುವುದನ್ನು ರಸ್ತೆಬದಿಗೆ ಹೇಳುತ್ತಾರೆ. ಗಿಡ ಬೆಳೆಸಬೇಕಾದ ನೆಲಕ್ಕೆ ಉಪ್ಪು ಹಾಕಿದರೆ ನಿಮ್ಮ ಗಿಡವೂ ಏಳುವುದಿಲ್ಲ.

ಇನ್ನು ಮಳೆ. ಭರಣಿ, ಕೃತ್ತಿಕೆ ಮಳೆಗಳು, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ, ಮೈಸೂರು ಸೀಮೆಗೆ ಸಾಮಾನ್ಯವಾಗಿ ಗುಡುಗಿನ ಜೊತೆ ಬರುತ್ತವೆ. ಮೊದಲ ಒಳ್ಳೆಯ ಮಳೆಯಾದ ವಾರಕ್ಕೆ ಹಾಳೆ ಹಾಸಿ ತೆಗೆದ ಜಾಗದಲ್ಲೂ ಹಾಸದ ಜಾಗದಲ್ಲೂ ಹಸಿರು ಚುಕ್ಕಿಗಳು ಏಳುತ್ತವೆ. ಇಷ್ಟು ಕಷ್ಟಪಟ್ಟೂ ಮತ್ತೆ ಬಂತಲ್ಲ ಎಂದು ಬೇಸರಪಡಬೇಡಿ, ನಾವು ಕಾಯುತ್ತಿದ್ದದ್ದೇ ಅದಕ್ಕೆ. ಮೊಳೆತ ಬೀಜ ಮಾತ್ರ ಸಾಯುವ ಬೀಜ. ಸಸಿಗಳು ಎರಡು ಮೂರು ಅಂಗುಲ ಇದ್ದಾಗ, ಬಿಸಿಲಿರುವ ಒಂದು ಬೆಳಗ್ಗೆ, ಮೇಲಿನ ಒಂದು ಅಂಗುಲ ಮಣ್ಣನ್ನು ಮಾತ್ರ ಕೆರೆದು ಹಾಕಿಸಿ. ಆಳವಾಗಿ ಅಗೆದರೆ ಕೆಳಗಿನ ಹೊಸ ಬೀಜಗಳನ್ನು ಬೆಳಕಿಗೆ ತಂದಂತಾಗುತ್ತದೆ. ಮತ್ತೆ ಎರಡು ಮೂರು ವಾರ ಬಿಟ್ಟು ಎರಡನೇ ಬೆಳೆ ಏಳಲಿ, ಅದನ್ನೂ ಹಾಗೆಯೇ ಕೆರೆಯಿರಿ. ಎರಡನೆಯ ಸಲ ಏಳುವುದು ಮೊದಲಿಗಿಂತ ತೆಳ್ಳಗಿದ್ದರೆ ದಾರಿ ಸರಿಯಾಗಿದೆ ಎಂದು ಅರ್ಥ. ಹೂವಿನ ಗಡ್ಡೆಗಳು ಎಲ್ಲಿ ಏಳುತ್ತವೆ ಎಂದು ಗುರುತು ಮಾಡುವುದೂ ಇದೇ ಹೊತ್ತಿನಲ್ಲಿ.

ಕೆರೆಯುವ ಮೊದಲು ಒಂದು ಬುಟ್ಟಿ ಹಿಡಿದು ಓಡಾಡಿ. ಗಣಿಕೆ, ಹೊನಗೊನೆ, ಅಣ್ಣೆ, ಗೋಣಿ ಸೊಪ್ಪು ಗುರುತಿಸಬಲ್ಲವರು ನಿಮ್ಮ ಬೀದಿಯಲ್ಲಿ ಇನ್ನೂ ಯಾರಾದರೂ ಇದ್ದಾರು, ಅವರನ್ನು ಕರೆದು ತೋರಿಸಿ ಬೆರಕೆ ಸೊಪ್ಪಿನ ಸಾರು ಮಾಡಿ. ನೆರಳಿನ ತಂಪಿನಲ್ಲಿ ಒಂದೆಲಗ ಇದ್ದರೆ ಅದನ್ನು ಹಾಗೇ ನೆಲಹೊದಿಕೆಯಾಗಿ ಬೆಳೆಯಬಿಡಿ, ಸಂಪಿಗೆಯ ಅಡಿ ಯಾವ ಹುಲ್ಲೂ ಅಷ್ಟು ಚೆನ್ನಾಗಿ ಬರುವುದಿಲ್ಲ. ತುಂಬೆಯ ನಾಲ್ಕು ಗಿಡ ಮೂಲೆಯಲ್ಲಿ ಉಳಿಸಿದರೆ ಚಿಟ್ಟೆಗೂ ಶಿವರಾತ್ರಿಗೂ ಆಗುತ್ತದೆ.

ಜೂನ್ ಮೊದಲ ಎರಡು ವಾರದೊಳಗೆ ಇಡೀ ಖಾಲಿ ನೆಲಕ್ಕೆ ಸೆಣಬು ಅಥವಾ ಅಲಸಂದೆ ಒತ್ತಾಗಿ ಎರಚಿ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಎಕರೆಗೆ ಹತ್ತು ಹನ್ನೆರಡು ಕೆಜಿ ಹಾಕುವುದು ವಾಡಿಕೆ. ನಿಮಗೆ ಬೇಕಾದ್ದು ಕಳೆಯನ್ನು ಅದುಮುವ ದಟ್ಟಣೆ, ಹಾಗಾಗಿ ಗುಂಟೆಗೆ ಅರ್ಧ ಕೆಜಿ ಹಾಕಿ. ಆರೇಳು ವಾರದಲ್ಲಿ, ಹೂ ಬಿಡುವ ಮೊದಲು ಕತ್ತರಿಸಿ ಅಲ್ಲೇ ಹಾಸಿ. ನೆರಳಿನಿಂದ ಕಳೆ ಸೊರಗುತ್ತದೆ, ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕ ಸೇರುತ್ತದೆ, ಗೊಬ್ಬರದ ಖರ್ಚೂ ಇಳಿಯುತ್ತದೆ. ಆಗಸ್ಟ್ ಕೊನೆಗೆ ದಾರಿ, ಕಟ್ಟೆ, ನೀರಿನ ಪೈಪಿನ ಕೆಲಸ. ಸೆಪ್ಟೆಂಬರಿನಲ್ಲಿ ಗಿಡ ಮತ್ತು ಹುಲ್ಲು. ಹಿಂಗಾರು ಮಳೆಯ ಆಸರೆಯಲ್ಲಿ ಬೇರೂರುತ್ತವೆ. ಯುಗಾದಿಗೆ ಏನಾದರೂ ಆಗಲೇಬೇಕೆಂದು ಮನೆಯವರು ಹಟ ಹಿಡಿದರೆ ಗೇಟಿನಿಂದ ಬಾಗಿಲವರೆಗಿನ ದಾರಿಯ ಎರಡು ಬದಿ ಶುಚಿಮಾಡಿ ಕುಂಡಗಳನ್ನು ಜೋಡಿಸಿ, ಅಷ್ಟು ಸಾಕು.

ಹೊರಗಿನಿಂದ ಒಳಗೆ ಬರುವ ವಸ್ತುಗಳ ಮೇಲೆ ಕಣ್ಣಿಡಿ. ಶುಚಿಯಾದ ನೆಲಕ್ಕೆ ಜೇಕು ವಾಪಸ್ಸು ಬರುವುದು ಹೆಚ್ಚಾಗಿ ಮೂರು ದಾರಿಯಲ್ಲಿ: ಕೆಮ್ಮಣ್ಣಿನ ಲೋಡು, ಹಸಿ ಕೊಟ್ಟಿಗೆ ಗೊಬ್ಬರ, ನರ್ಸರಿಯ ಹುಲ್ಲಿನ ತುಂಡು. ಮಣ್ಣು ತರಿಸಲೇಬೇಕಾದರೆ ಒಂದು ಬಾಂಡ್ಲಿ ಮೊದಲೇ ತಂದು ನೀರು ಹಾಕಿ ಮೂರು ವಾರ ಇಟ್ಟು ಏನು ಮೊಳೆಯುತ್ತದೆ ನೋಡಿ. ಗೊಬ್ಬರ ಚೆನ್ನಾಗಿ ಕಾವು ಏರಿ ಕಳಿತು ಕಪ್ಪಾಗಿರಬೇಕು, ಸಗಣಿ ವಾಸನೆ ಇರಬಾರದು. ಹುಲ್ಲಿನ ತುಂಡುಗಳನ್ನು ಲಾರಿಯಿಂದ ಇಳಿಸುವ ಮೊದಲು ಹತ್ತಿಪ್ಪತ್ತನ್ನು ಮಗುಚಿ ಬೇರು ಬಿಡಿಸಿ ನೋಡಿ, ಕಡಲೆಕಾಳಿನ ಗಾತ್ರದ ಕಪ್ಪು ಗಡ್ಡೆ ಒಂದು ಕಂಡರೂ ಲೋಡು ವಾಪಸ್ಸು ಕಳಿಸಿ. ಈ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ನೆಲ ಮುಚ್ಚಲೆಂದು ಅವರು ಹಳದಿ ಹೂವಿನ ಸಿಂಗಪುರ ಡೈಸಿಯನ್ನು ಸೂಚಿಸಿದರೆ ಬೇಡ ಎನ್ನಿ. ಎರಡು ವರ್ಷದಲ್ಲಿ ಅದೇ ನಿಮ್ಮ ಹೊಸ ಕಳೆಯಾಗುತ್ತದೆ.

ಮ್ಯಾಟ್ ಬಗ್ಗೆ ಕೇಳಿದ್ದೀರಿ. ಹುಲ್ಲಿನ ಕೆಳಗಾಗಲಿ ಹೂವಿನ ಪಾತಿಯಲ್ಲಾಗಲಿ ಅದನ್ನು ಹಾಸಬೇಡಿ. ಜೇಕು ಅದನ್ನು ತೂರಿ ಬರುತ್ತದೆ, ಮೇಲೆ ಕೂತ ಧೂಳಿನಲ್ಲೇ ಹೊಸ ಬೀಜ ಮೊಳೆಯುತ್ತದೆ, ಹುಲ್ಲಿನ ಬೇರು ಕೆಳಗಿಳಿಯದೆ ಬೇಸಿಗೆಗೆ ಒಣಗುತ್ತದೆ. ಜಲ್ಲಿ ಹಾಸುವ ದಾರಿಯ ಕೆಳಗೆ ಮಾತ್ರ ಹಾಕಿಸಿ, ನೇಯ್ದ ದಪ್ಪ ಬಗೆಯದನ್ನೇ ಕೇಳಿ, ಎರಡು ಪಟ್ಟಿ ಸೇರುವಲ್ಲಿ ಒಂದಡಿಯಷ್ಟು ಒಂದರ ಮೇಲೊಂದು ಬರುವಂತೆ ಮಾಡಿಸಿ. ಪಾತಿಗಳಿಗೆ ನಿಮ್ಮ ತೆಂಗಿನ ಸೋಗೆ ಕೊಚ್ಚು, ಸಂಪಿಗೆಯ ತರಗು, ಈಗ ಕಡಿದಿಟ್ಟ ಬೀಜವಿಲ್ಲದ ಸೊಪ್ಪು ಸೇರಿಸಿ ನಾಲ್ಕೈದು ಅಂಗುಲ ದಪ್ಪ ಹೊದಿಸಿ, ಗಿಡದ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಮೂರು ನಾಲ್ಕು ತಿಂಗಳಿಗೊಮ್ಮೆ ಅದು ಕರಗಿದಷ್ಟನ್ನು ಮೇಲೆ ಸೇರಿಸುತ್ತಾ ಬನ್ನಿ.